ರಕ್ತ ನಿಂತಮ್ಯಾಲೂ ಗುಳಿಗಿ ಯಾಕ?

ನಮ್ಮ ತಾಲ್ಲೂಕಿನಲ್ಲಿ ಒಬ್ಬ ಟೆಂಪೋ ಚಾಲಕರಿದ್ದಾರೆ. ಹೆಸರು ಬೇಡ. ಸಂತೆಗೆ ಕಾಯಿಪಲ್ಲೆ ಹೇರಿಕೊಂಡು ಹೋಗುವವರು. ಎರಡು ವರ್ಷ ಅವರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ನಮ್ಮ ಕಡೆ ಇದಕ್ಕೆ ಮೊದಲು ಸಿಗುವ ಹೆಸರು ಮೂಲವ್ಯಾಧಿ, ಎರಡನೆಯದು ಆಮಶಂಕೆ. ಎರಡಕ್ಕೂ ಔಷಧ ಆಯಿತು, ನಾಟಿ ಔಷಧ ಆಯಿತು, ಖಾರ ಬಿಟ್ಟದ್ದೂ ಆಯಿತು. ಕೊನೆಗೆ ಜಿಲ್ಲಾ ಕೇಂದ್ರದಲ್ಲಿ ದುರ್ಬೀನು ಹಾಕಿ ನೋಡಿ ಅಲ್ಸರೇಟಿವ್ ಕೊಲೈಟಿಸ್ ಎಂದರು, ಅಂದರೆ ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ರೋಗ. ಗುಳಿಗೆ ಬರೆದುಕೊಟ್ಟರು. ಒಂದೂವರೆ ತಿಂಗಳಲ್ಲಿ ರಕ್ತ ನಿಂತಿತು. ಐದನೇ ತಿಂಗಳಿಗೆ ಇವರು ಗುಳಿಗೆಯನ್ನೂ ನಿಲ್ಲಿಸಿದರು. ದೀಪಾವಳಿ ಮುಂದೆ ರೋಗ ಮರಳಿ ಬಂತು. ಈ ಸಲ ದಿನಕ್ಕೆ ಹತ್ತು ಹನ್ನೆರಡು ಸಲ, ಜೊತೆಗೆ ಜ್ವರ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಕೊಂಡೇ ನಮ್ಮನ್ನು ಕೇಳಿದರು: "ಸರ, ರಕ್ತ ನಿಂತಿತ್ತಲ್ಲ. ನಿಂತಮ್ಯಾಲೂ ಗುಳಿಗಿ ಯಾಕ?"

ನಾವು ಸುದ್ದಿ ಬರೆಯುವವರು, ವೈದ್ಯರಲ್ಲ. "ಡಾಕ್ಟರ್ ಹೇಳಿದಂಗ ತಗೋರಿ" ಎಂದು ಹೇಳಿ ಬಂದೆವು. ಆದರೆ ಆ ಉತ್ತರ ನಮಗೇ ಸಾಲಲಿಲ್ಲ. ಹುಡುಕುತ್ತ ಹೋದಂತೆ ತಿಳಿದದ್ದು, ಈ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. "ವಾಸಿಯಾಯಿತು" ಎಂಬ ಮಾತಿನ ಅರ್ಥ ಈ ರೋಗದಲ್ಲಿ ನಾಲ್ಕೈದು ಸಲ ಬದಲಾಗಿದೆ.

ಕತೆ ಶುರುವಾಗುವುದು ಒಂದು ಕೊಲೆ ಮೊಕದ್ದಮೆಯಿಂದ. 1859ರ ಮೇ 3ರಂದು ಲಂಡನ್ ಪಕ್ಕದ ರಿಚ್‌ಮಂಡ್‌ನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಹೆಂಗಸು ತೀರಿಕೊಂಡರು. ವಾರಗಟ್ಟಲೆ ಭೇದಿ, ವಾಂತಿ. ಆಕೆಯ ಜೊತೆ ಇದ್ದವನು ಥಾಮಸ್ ಸ್ಮೆಥರ್ಸ್ಟ್ ಎಂಬ ವೈದ್ಯ. ಅವನಿಗೆ ಆಗಲೇ ಒಬ್ಬ ಹೆಂಡತಿ ಇದ್ದಳು, ಈಕೆಯನ್ನು ಎರಡನೆಯದಾಗಿ ಗುಟ್ಟಾಗಿ ಮದುವೆಯಾಗಿದ್ದ. ಆಸ್ತಿಯ ಉಯಿಲು ಅವನ ಹೆಸರಿಗಿತ್ತು. ವಿಷ ಹಾಕಿದನೆಂದು ಹಿಡಿದರು. ಆ ಕಾಲದ ದೊಡ್ಡ ವಿಷತಜ್ಞ ಆಲ್‌ಫ್ರೆಡ್ ಸ್ವೇನ್ ಟೇಲರ್ ಒಂದು ಬಾಟಲಿಯಲ್ಲಿ ಆರ್ಸೆನಿಕ್ ಇದೆ ಎಂದರು. ಆಮೇಲೆ ನೋಡಿದರೆ ಆ ಆರ್ಸೆನಿಕ್ ಬಂದದ್ದು ಟೇಲರ್ ಪರೀಕ್ಷೆಗೆ ಬಳಸಿದ ತಾಮ್ರದಿಂದಲೇ! ತಾವೇ ಅದನ್ನು ಒಪ್ಪಿಕೊಳ್ಳಬೇಕಾಯಿತು. ಆದರೂ ನ್ಯಾಯಾಲಯ ಸ್ಮೆಥರ್ಸ್ಟ್‌ಗೆ ಗಲ್ಲು ವಿಧಿಸಿತು. ಪತ್ರಿಕೆಗಳಲ್ಲಿ ಗಲಾಟೆ ಎದ್ದಿತು, ವೈದ್ಯರು ಅರ್ಜಿ ಹಾಕಿದರು. ಸರ್ ಬೆಂಜಮಿನ್ ಬ್ರೋಡಿ ಎಂಬ ಹಿರಿಯ ಶಸ್ತ್ರವೈದ್ಯರಿಂದ ಸಾಕ್ಷ್ಯವನ್ನೆಲ್ಲ ಮತ್ತೆ ಪರಿಶೀಲಿಸಿದ ಮೇಲೆ ಅವನಿಗೆ ಕ್ಷಮೆ ಸಿಕ್ಕಿತು. ಎರಡನೇ ಮದುವೆಯ ಅಪರಾಧಕ್ಕೆ ಮಾತ್ರ ಒಂದು ವರ್ಷ ಜೈಲಾಯಿತು.

ಈ ಮೊಕದ್ದಮೆಯ ಮೂಲೆಯಲ್ಲಿ ಒಬ್ಬರಿದ್ದರು: ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್. ಸತ್ತ ಹೆಂಗಸಿನ ಕರುಳನ್ನು ಪರೀಕ್ಷಿಸಿ, ಒಳಗೆಲ್ಲ ಉರಿಯೂತ ಮತ್ತು ಹುಣ್ಣುಗಳಿದ್ದವು ಎಂದು ಅದೇ ವರ್ಷ ವೈದ್ಯಕೀಯ ಪತ್ರಿಕೆಗೆ ಬರೆದರು. ಹೊರಗಿನ ವಿಷವಿಲ್ಲದೆಯೂ, ಆಮಶಂಕೆಯ ಸೋಂಕಿಲ್ಲದೆಯೂ ಕರುಳು ತಾನಾಗಿ ಹೀಗೆ ಉರಿಯಬಹುದು ಎಂಬ ಮಾತಿಗೆ ಇಂದಿಗೂ ಅದೇ ಪತ್ರವನ್ನು ಮೊದಲ ದಾಖಲೆ ಎನ್ನುತ್ತಾರೆ. ಅದರಲ್ಲೂ ಒಂದು ತಿರುವಿದೆ. ಆ ವಿವರಣೆಯನ್ನು ಮುಂದಿನ ತಲೆಮಾರಿನವರು ಓದಿದಾಗ, ಸಣ್ಣ ಕರುಳಿನ ತುದಿಯೂ ಉರಿದಿದ್ದರಿಂದ ಅದು ಈ ರೋಗದ ದಾಯಾದಿಯಾದ ಕ್ರಾನ್ಸ್ ಕಾಯಿಲೆ ಇರಬೇಕು ಎಂದರು. 1875ರಲ್ಲಿ ವಿಲ್ಕ್ಸ್ ಮತ್ತು ವಾಲ್ಟರ್ ಮಾಕ್ಸನ್ ಕೂಡಿ ಬರೆದ ವಿವರಣೆ ಇನ್ನೂ ಸ್ಪಷ್ಟವಾಗಿದೆ.

ಆ ಕಾಲದಲ್ಲಿ "ವಾಸಿ" ಎಂದರೆ ರೋಗಿ ಬದುಕುಳಿಯುವುದು, ಅಷ್ಟೆ. 1909ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಅಲ್ಲಿನ ಆಸ್ಪತ್ರೆಗಳ 300ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಮುಂದಿಟ್ಟರು. ಅರ್ಧಕ್ಕೆ ಹತ್ತಿರ ಜನ ತೀರಿಹೋಗಿದ್ದರು. ಕರುಳು ತೊಳೆಯುವುದು, ಪಥ್ಯ, ಅಫೀಮು, ಕೊನೆಗೆ ಕತ್ತರಿ, ಇವೇ ಕೈಯಲ್ಲಿದ್ದ ಉಪಾಯಗಳು.

ಮೊದಲ ನಿಜವಾದ ಗುಳಿಗೆ ಬಂದದ್ದು ಸ್ವೀಡನ್‌ನಿಂದ, ಅದೂ ಬೇರೆ ರೋಗದ ಬೆನ್ನು ಹತ್ತಿ. ನಾನ್ನಾ ಸ್ವಾರ್ಟ್ಸ್ 1937ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾದಲ್ಲಿ ಪ್ರೊಫೆಸರ್ ಆದರು. ಸ್ವೀಡನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ಕೀಲುವಾತಕ್ಕೆ ಯಾವುದೋ ಸೋಂಕೇ ಕಾರಣ ಎಂಬುದು ಅವರ ನಂಬಿಕೆ. ಹಾಗಾಗಿ ಕ್ರಿಮಿ ಕೊಲ್ಲುವ ಸಲ್ಫಾ ಔಷಧವನ್ನೂ ಉರಿ ತಣಿಸುವ ಸ್ಯಾಲಿಸಿಲೇಟ್ ಬಳಗದ ಪದಾರ್ಥವನ್ನೂ ಒಂದಕ್ಕೊಂದು ಕಟ್ಟಿದ ಗುಳಿಗೆ ಬೇಕು ಎಂದರು. ಫಾರ್ಮಾಸಿಯಾ ಕಂಪನಿ ಮಾಡಿಕೊಟ್ಟಿತು. ಅದೇ ಸಲ್ಫಾಸಲಜಿನ್. ಅದು ಕರುಳಿನ ಹುಣ್ಣಿನ ರೋಗಿಗಳಿಗೆ ಫಲ ಕೊಟ್ಟಿತೆಂದು 1942ರಲ್ಲಿ ಪ್ರಕಟಿಸಿದರು. ಸೋಂಕಿನ ನಂಬಿಕೆ ನಿಲ್ಲಲಿಲ್ಲ, ಗುಳಿಗೆ ನಿಂತಿತು. ಇವತ್ತಿಗೂ ನಮ್ಮ ತಾಲ್ಲೂಕಿನ ಔಷಧದಂಗಡಿಯಲ್ಲಿ ಸಿಗುತ್ತದೆ.

ಅದು ಕೆಲಸ ಮಾಡುವ ಬಗೆ ತಿಳಿಯಲು ಮತ್ತೆ ಮೂವತ್ತು ವರ್ಷ ಹಿಡಿಯಿತು. 1972ರಲ್ಲಿ ಪೆಪರ್‌ಕಾರ್ನ್ ಮತ್ತು ಗೋಲ್ಡ್‌ಮನ್ ಎಂಬ ಇಬ್ಬರು, ಕರುಳಲ್ಲಿ ಬ್ಯಾಕ್ಟೀರಿಯಾ ಇಲ್ಲದ ಹಾಗೆ ಸಾಕಿದ ಇಲಿಗಳಿಗೆ ಈ ಔಷಧ ಕೊಟ್ಟು ನೋಡಿದರು. ಅವುಗಳ ಹೊಟ್ಟೆಯಲ್ಲಿ ಗುಳಿಗೆ ಒಡೆಯಲೇ ಇಲ್ಲ. ಅಂದರೆ ಆ ಕಟ್ಟನ್ನು ಬಿಚ್ಚುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ. ಗಾಯ ಇರುವ ಜಾಗಕ್ಕೇ ಔಷಧ ತಲುಪಿ ಬಿಚ್ಚಿಕೊಳ್ಳುತ್ತದೆ. ಯಾರೂ ಯೋಚಿಸಿ ಮಾಡಿದ್ದಲ್ಲ, ಅದೃಷ್ಟ.

ಬಿಚ್ಚಿದ ಎರಡು ತುಂಡುಗಳಲ್ಲಿ ಕೆಲಸದ್ದು ಯಾವುದು? 1977ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಎ. ಕೆ. ಆಜಾದ್ ಖಾನ್ ಎಂಬ ಬಾಂಗ್ಲಾದೇಶದ ವೈದ್ಯರು, ಪಿರಿಸ್ ಮತ್ತು ಟ್ರೂಲವ್ ಜೊತೆ ಸೇರಿ ಇದನ್ನು ಸರಳವಾಗಿ ಬಗೆಹರಿಸಿದರು. ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಇಡೀ ಔಷಧ, ಒಂದಕ್ಕೆ ಸಲ್ಫಾ ತುಂಡು, ಒಂದಕ್ಕೆ 5-ಎಎಸ್‌ಎ ಎಂಬ ಸ್ಯಾಲಿಸಿಲೇಟ್ ತುಂಡು, ಎಲ್ಲವನ್ನೂ ಎನಿಮಾ ಮೂಲಕ ಕೊಟ್ಟರು. ಇಡೀ ಔಷಧದಷ್ಟೇ 5-ಎಎಸ್‌ಎ ಫಲ ಕೊಟ್ಟಿತು, ಸಲ್ಫಾ ಹಿಂದೆ ಬಿತ್ತು. ವಾಕರಿಕೆ, ತಲೆನೋವಿನಂಥ ತೊಂದರೆಗಳಲ್ಲಿ ಹೆಚ್ಚಿನವು ಬರುತ್ತಿದ್ದದ್ದು ಸಲ್ಫಾದಿಂದ. ಅಲ್ಲಿಂದ ಬರಿಯ 5-ಎಎಸ್‌ಎ ಗುಳಿಗೆಗಳು, ಅಂದರೆ ಮೆಸಲಮಿನ್, ಹುಟ್ಟಿದವು. ನಮ್ಮ ಚಾಲಕರು ನಿಲ್ಲಿಸಿದ ಗುಳಿಗೆ ಇದೇ. ಆಜಾದ್ ಖಾನ್ ಆಮೇಲೆ ತಮ್ಮ ದೇಶಕ್ಕೆ ಮರಳಿ ಮಧುಮೇಹ ಸಂಘವನ್ನು ಮುನ್ನಡೆಸಿದರು. ಈ ಇತಿಹಾಸದಲ್ಲಿ ನಮ್ಮ ಉಪಖಂಡದ ಹೆಸರು ಸಿಕ್ಕಾಗ ನಮಗೆ ಸ್ವಲ್ಪ ಖುಷಿಯಾಯಿತು, ಮುಚ್ಚಿಡುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1948ರಲ್ಲಿ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಅಚ್ಚರಿಯ ಫಲ ಕಂಡಿದ್ದರು. ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ 1950ರ ನೊಬೆಲ್ ಬಂತು. ಆ ಸ್ಟಿರಾಯ್ಡನ್ನು ಕರುಳಿನ ರೋಗಕ್ಕೆ ಪರೀಕ್ಷಿಸಿದವರು ಆಕ್ಸ್‌ಫರ್ಡ್‌ನ ಸಿಡ್ನಿ ಟ್ರೂಲವ್ ಮತ್ತು ಲೆಸ್ಲಿ ವಿಟ್ಸ್. 1955ರ ವರದಿಯಲ್ಲಿ 210 ರೋಗಿಗಳಿದ್ದರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಜನಕ್ಕೆ ಕಾರ್ಟಿಸೋನ್, ಉಳಿದವರಿಗೆ ನೋಡಲು ಅದರ ಹಾಗೇ ಇರುವ ಖಾಲಿ ಗುಳಿಗೆ. ಆರು ವಾರಗಳ ಕೊನೆಗೆ ಕಾರ್ಟಿಸೋನ್ ಪಡೆದವರಲ್ಲಿ ಶೇ. 41 ಜನ ರೋಗಲಕ್ಷಣದಿಂದ ಬಿಡುಗಡೆಯಾಗಿದ್ದರು, ಉಳಿದವರಲ್ಲಿ ಶೇ. 16 ಮಾತ್ರ.

ಈ ವರದಿಯಲ್ಲಿ ನಮಗೆ ಇಷ್ಟವಾದದ್ದು ಅವರು ರೋಗದ ತೀವ್ರತೆ ಅಳೆದ ರೀತಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಮಿಶ್ರಿತ ಭೇದಿ, ನಾಡಿ 90 ದಾಟಿದ್ದು, ಜ್ವರ, ರಕ್ತಹೀನತೆ, ಇಎಸ್‌ಆರ್ 30 ದಾಟಿದ್ದು. ಇಷ್ಟೇ. ಥರ್ಮಾಮೀಟರ್, ಕೈಗಡಿಯಾರ ಮತ್ತು ಸಾದಾ ರಕ್ತಪರೀಕ್ಷೆ ಇದ್ದರೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಅಳೆಯಬಹುದು. ಎಪ್ಪತ್ತು ವರ್ಷವಾದರೂ ಜಗತ್ತಿನ ದೊಡ್ಡ ಆಸ್ಪತ್ರೆಗಳು ಇದನ್ನೇ ಬಳಸುತ್ತಿವೆ. ನಮ್ಮ ಚಾಲಕರು ದೀಪಾವಳಿಯ ಹೊತ್ತಿಗೆ ಈ ಪಟ್ಟಿಯ ಹೆಚ್ಚಿನ ಗೆರೆಗಳನ್ನು ದಾಟಿದ್ದರು.

ಆದರೆ ಟ್ರೂಲವ್ ಅಲ್ಲಿಗೆ ನಿಲ್ಲಲಿಲ್ಲ. 1956ರಲ್ಲಿ ರಿಚರ್ಡ್ಸ್ ಎಂಬುವರ ಜೊತೆ ಸೇರಿ ರೋಗಿಗಳ ಕರುಳಿನ ಒಳಪದರದಿಂದ ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೊಟ್ಟೆನೋವಿಲ್ಲ, ರಕ್ತವಿಲ್ಲ, ಕೊಳವೆ ಹಾಕಿ ನೋಡಿದರೂ ಒಳಗೆ ಚೆನ್ನಾಗಿಯೇ ಕಾಣುತ್ತದೆ. ಅಂಥವರಲ್ಲಿಯೂ ಹಲವರ ಚೂರಿನಲ್ಲಿ ಉರಿಯೂತ ಇನ್ನೂ ಇತ್ತು! ಚಾಲಕರ ಪ್ರಶ್ನೆಗೆ ಉತ್ತರ ಮೊದಲು ಕಂಡದ್ದು ಇಲ್ಲಿ.

ಮುಂದಿನದು ಲೆಕ್ಕದಿಂದ ಬಂತು. 1965ರಲ್ಲಿ ಲಂಡನ್ನಿನ ಲೆನರ್ಡ್-ಜೋನ್ಸ್ ಮತ್ತು ಸಂಗಡಿಗರು ಎರಡು ವರದಿ ಕೊಟ್ಟರು. ಒಂದರಲ್ಲಿ, ರೋಗ ಅಡಗಿದ ಮೇಲೆ ಸಣ್ಣ ಪ್ರಮಾಣದಲ್ಲಿ ಸ್ಟಿರಾಯ್ಡ್ ಮುಂದುವರಿಸಿದರೆ ಮರುಕಳಿಕೆ ತಪ್ಪುವುದಿಲ್ಲ ಎಂದು ತೋರಿತು. ಇನ್ನೊಂದರಲ್ಲಿ, ಸಲ್ಫಾಸಲಜಿನ್ ಮುಂದುವರಿಸಿದರೆ ತಪ್ಪುತ್ತದೆ ಎಂದು ತೋರಿತು. 1973ರಲ್ಲಿ ದಿಸ್ಸಾನಾಯಕೆ ಮತ್ತು ಟ್ರೂಲವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಔಷಧದ ಮೇಲೆ ಆರಾಮಾಗಿದ್ದವರನ್ನೇ ಆರಿಸಿ, ಕೆಲವರಿಗೆ ಗುಟ್ಟಾಗಿ ಖಾಲಿ ಗುಳಿಗೆ ಕೊಟ್ಟರು. ಆರು ತಿಂಗಳಲ್ಲಿ ಖಾಲಿ ಗುಳಿಗೆಯವರಲ್ಲಿ ರೋಗ ಮರಳಿದ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚು. ಚಾಲಕರು ತಮ್ಮ ಮೇಲೆ ತಾವೇ ಮಾಡಿಕೊಂಡ ಪ್ರಯೋಗ ಇದೇ.

ನಮ್ಮ ಕಡೆ ನಡೆಯುವುದು ಇದರ ಉಲ್ಟಾ. ಸ್ಟಿರಾಯ್ಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ, ಅದನ್ನು ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸಿಕೊಳ್ಳುತ್ತಾರೆ. ಕಾಪಾಡುವ ಗುಳಿಗೆಯನ್ನು ಮಾತ್ರ ಬಿಡುತ್ತಾರೆ. ಮುಖ ಊದಿ, ಸಕ್ಕರೆ ಏರಿ, ಎಲುಬು ಸವೆದ ಮೇಲೆ ಗೊತ್ತಾಗುತ್ತದೆ. ಬೆಂಕಿ ಬಿದ್ದಾಗ ಸ್ಟಿರಾಯ್ಡ್ ಬೇಕೇ ಬೇಕು. ದಿನವೂ ಒಲೆಯ ಪಕ್ಕ ಅಗ್ನಿಶಾಮಕದ ಗಾಡಿ ನಿಲ್ಲಿಸಿಕೊಂಡು ಇರಲಾಗುವುದಿಲ್ಲ. ಹಾಗೆಂದು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಟ್ಟನೆ ನಿಲ್ಲಿಸಬೇಡಿ. ಅದನ್ನು ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಈಗ ಒಳಗೆ ಏನು ನಡೆಯುತ್ತದೆ ಎಂಬ ಮಾತಿಗೆ ಬರೋಣ. ದೊಡ್ಡ ಕರುಳಿನ ಒಳಪದರ ಒಂದೇ ಒಂದು ಸಾಲು ಕೋಶಗಳ ದಪ್ಪ. ಆಚೆ ಬದಿಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಈಚೆಗೆ ನಮ್ಮ ರಕ್ತ. ನಡುವೆ ಲೋಳೆಯ ಹೊದಿಕೆ. ಸ್ವೀಡನ್‌ನ ಗುನ್ನಾರ್ ಹಾನ್ಸನ್ ತಂಡ 2008ರಲ್ಲಿ ಇಲಿಗಳಲ್ಲಿ ತೋರಿಸಿದಂತೆ ಆ ಲೋಳೆಯಲ್ಲಿ ಎರಡು ಪದರ. ಹೊರಗಿನದರಲ್ಲಿ ಬ್ಯಾಕ್ಟೀರಿಯಾ ಇರುತ್ತವೆ, ಒಳಗಿನದರಲ್ಲಿ ಇರುವುದಿಲ್ಲ. ಒಳಪದರದ ತುಂಬ ಸಣ್ಣ ಬಾವಿಗಳಂಥ ರಚನೆಗಳಿವೆ, ವೈದ್ಯರು ಕ್ರಿಪ್ಟ್ ಎನ್ನುತ್ತಾರೆ. ಬಾವಿಯ ತಳದಲ್ಲಿ ಕಾಂಡಕೋಶಗಳು ಕೂತು ಹೊಸ ಕೋಶಗಳನ್ನು ಹೆರುತ್ತವೆ. ಇವನ್ನು ಗುರುತು ಹಿಡಿದು ತೋರಿಸಿದ್ದು 2007ರಲ್ಲಿ, ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯ. ಕೆಲವೇ ದಿನಕ್ಕೊಮ್ಮೆ ಇಡೀ ಪದರ ಹೊಸದಾಗುತ್ತದೆ.

ಹುಣ್ಣಾದಾಗ ಮೊದಲು ಅಂಚಿನ ಕೋಶಗಳು ಚಪ್ಪಟೆಯಾಗಿ ತೆವಳಿಕೊಂಡು ಬಂದು ಬರಿದಾದ ಜಾಗವನ್ನು ಮುಚ್ಚುತ್ತವೆ. ಇದಕ್ಕೆ ಕೆಲವು ಗಂಟೆ ಸಾಕು. ಆಮೇಲೆ ಕಾಂಡಕೋಶಗಳು ಹೆಚ್ಚಿ ಜಾಗ ತುಂಬಬೇಕು. ಕೊನೆಗೆ ಅವುಗಳಲ್ಲಿ ಲೋಳೆ ಸುರಿಸುವ ಕೋಶಗಳು ಬೆಳೆದು ಹೊದಿಕೆ ಮರಳಬೇಕು, ಬಾವಿಗಳು ನೇರವಾಗಬೇಕು. ಚಪ್ಪರ ಹಾಕಿದ ಮಾತ್ರಕ್ಕೆ ಮನೆ ಆಗುವುದಿಲ್ಲವಲ್ಲ, ಹಾಗೆ. ರಕ್ತ ನಿಲ್ಲುವುದು ಚಪ್ಪರದ ಹಂತದಲ್ಲೇ. ಕೆಳಗೆ ರೋಗನಿರೋಧಕ ಕೋಶಗಳ ದಂಡು ಇನ್ನೂ ಬೀಡುಬಿಟ್ಟಿರಬಹುದು.

ಆ ದಂಡು ಒಂದಕ್ಕೊಂದು ಮಾತಾಡಿಕೊಳ್ಳುವುದು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳಿಂದ. ಒಂದು ಕೋಶ ಬಿಡುತ್ತದೆ, ಇನ್ನೊಂದು ಕೋಶ ತನ್ನ ಮೇಲ್ಮೈಯ ಕಿವಿಯಿಂದ ಕೇಳಿಸಿಕೊಳ್ಳುತ್ತದೆ. ಕಳೆದ ನಲವತ್ತು ವರ್ಷಗಳ ಔಷಧಗಳೆಲ್ಲ ಈ ಮಾತುಕತೆಯನ್ನು ಎಲ್ಲಿ ಕತ್ತರಿಸಬೇಕು ಎಂಬುದರ ಸುತ್ತವೇ ಬೆಳೆದಿವೆ. ಮೊದಲ ದೊಡ್ಡ ಪ್ರಯತ್ನ ಸೈಕ್ಲೋಸ್ಪೋರಿನ್. ನಾರ್ವೆಯ ಪ್ರಸ್ಥಭೂಮಿಯೊಂದರ ಮಣ್ಣಿನ ಬೂಷ್ಟಿನಿಂದ ಸಿಕ್ಕ, ಅಂಗಾಂಗ ಕಸಿಗೆ ಬಳಸುವ ಔಷಧ. 1994ರಲ್ಲಿ ಸೈಮನ್ ಲಿಕ್‌ಟೈಗರ್ ತಂಡ ಸ್ಟಿರಾಯ್ಡ್‌ಗೂ ಬಗ್ಗದ 20 ರೋಗಿಗಳ ಮೇಲೆ ಪರೀಕ್ಷಿಸಿತು. ಔಷಧ ಪಡೆದ 11ರಲ್ಲಿ 9 ಜನ ಚೇತರಿಸಿಕೊಂಡರು, ಖಾಲಿ ಔಷಧದ 9ರಲ್ಲಿ ಒಬ್ಬರೂ ಇಲ್ಲ.

ಆಮೇಲಿನದು ಟಿಎನ್‌ಎಫ್ ಎಂಬ ಸಂಕೇತದ ಕತೆ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಲಾಯ್ಡ್ ಓಲ್ಡ್ ತಂಡ ಅದನ್ನು ವರದಿ ಮಾಡಿದ್ದು ಗಡ್ಡೆಗಳನ್ನು ಕೊಲ್ಲುವ ಪದಾರ್ಥವೆಂದು. ಹೆಸರೇ ಹಾಗಿದೆ. ಕ್ಯಾನ್ಸರ್‌ಗೆ ಮದ್ದಾಗಲಿಲ್ಲ, ಆದರೆ ಉರಿಯೂತದ ಮುಖ್ಯ ಕೂಗು ಅದೇ ಎಂದು ತಿಳಿಯಿತು. ಕರುಳಿನಲ್ಲಿ ಅದು ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ, ಕೋಶಗಳನ್ನು ಸಾಯಿಸುತ್ತದೆ, ಇನ್ನಷ್ಟು ದಂಡನ್ನು ಕರೆಸುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಯಾನ್ ವಿಲ್ಚೆಕ್ ಮತ್ತು ಜುನ್‌ಮಿಂಗ್ ಲೆ ಅದನ್ನು ಹಿಡಿದುಹಾಕುವ ಪ್ರತಿಕಾಯ ಮಾಡಿದರು. ಅದೇ ಇನ್‌ಫ್ಲಿಕ್ಸಿಮಾಬ್. ಅಲ್ಸರೇಟಿವ್ ಕೊಲೈಟಿಸ್‌ಗೆ ಅದರ ದೊಡ್ಡ ಪರೀಕ್ಷೆಗಳು 2005ರಲ್ಲಿ ಹೊರಬಂದವು, ಎರಡರಲ್ಲೂ ತಲಾ 364 ರೋಗಿಗಳು. ಮೊದಲನೆಯದರಲ್ಲಿ ಎಂಟು ವಾರಕ್ಕೆ ಒಳಪದರ ಮಾಯ್ದದ್ದು ಔಷಧದವರಲ್ಲಿ ಶೇ. 62, ಖಾಲಿಯವರಲ್ಲಿ ಶೇ. 34.

ಗಮನಿಸಿ, "ಒಳಪದರ ಮಾಯ್ದದ್ದು" ಎಂಬ ಲೆಕ್ಕ ದೊಡ್ಡ ಪರೀಕ್ಷೆಯ ತಲೆಬರಹಕ್ಕೆ ಬಂದಿತು. ರೋಗಿ ಹೇಗಿದ್ದೀರಿ ಎಂದು ಕೇಳಿದರೆ ಸಾಲದು, ಕೊಲೊನೋಸ್ಕೋಪ್ ಒಳಗೆ ಹೋಗಿ ನೋಡಬೇಕು. 1969ರಲ್ಲಿ ನ್ಯೂಯಾರ್ಕ್‌ನ ವುಲ್ಫ್ ಮತ್ತು ಶಿನ್ಯಾ ಬಾಗುವ ದುರ್ಬೀನನ್ನು ಇಡೀ ದೊಡ್ಡ ಕರುಳಿನೊಳಗೆ ಓಡಿಸಿದ್ದರಿಂದ ಇದು ಸಾಧ್ಯವಾಯಿತು. ಕಂಡದ್ದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುವ ಮೇಯೋ ಪದ್ಧತಿ 1987ರಲ್ಲಿ ಬಂತು. ಆದರೆ ಆ ಶೇ. 62ರಲ್ಲಿ ಸೊನ್ನೆಯ ಜೊತೆ ಒಂದು ಅಂಕದವರನ್ನೂ ಸೇರಿಸಿದ್ದರು. ಒಂದು ಎಂದರೆ ಇನ್ನೂ ಸ್ವಲ್ಪ ಕೆಂಪಗಿದೆ, ರಕ್ತನಾಳಗಳ ಗೆರೆ ಮಸುಕಾಗಿದೆ. ಪರೀಕ್ಷೆಯಲ್ಲಿ ಪಾಸು ಅಂಕವನ್ನು ಎಲ್ಲಿಡಬೇಕು ಎಂದು ತೀರ್ಮಾನಿಸುವವರು ಫಲಿತಾಂಶವನ್ನೂ ಒಂದಿಷ್ಟು ತೀರ್ಮಾನಿಸುತ್ತಾರೆ. ಅದು ಎಸ್ಎಸ್ಎಲ್‌ಸಿ ಇರಲಿ, ಔಷಧವಿರಲಿ. ಹಾಗಿದ್ದರೂ ಮಾಯುವಿಕೆ ಬರಿಯ ಅಂಕವಲ್ಲ ಎಂಬುದು ನಾರ್ವೆಯಿಂದ 2007ರಲ್ಲಿ ಬಂದ ಅಧ್ಯಯನದಲ್ಲಿ ಕಂಡಿತು. ಒಂದು ವರ್ಷದ ಹೊತ್ತಿಗೆ ಒಳಪದರ ಮಾಯ್ದವರಿಗೆ ಮುಂದಿನ ವರ್ಷಗಳಲ್ಲಿ ಕರುಳು ಕತ್ತರಿಸಿ ತೆಗೆಯುವ ಸಂದರ್ಭ ಕಡಿಮೆ ಬಂತು. ಇನ್‌ಫ್ಲಿಕ್ಸಿಮಾಬ್ ರೋಗಿಗಳಲ್ಲೂ 2011ರಲ್ಲಿ ಅದೇ ಕಂಡಿತು.

ಇಲ್ಲಿ ಭಾರತದವರಾಗಿ ನಾವು ನಿಂತು ನೋಡಬೇಕಾದ ಒಂದು ಮಾತಿದೆ. ಟಿಎನ್‌ಎಫ್ ಬರಿ ಕೇಡಿನದಲ್ಲ. ಕ್ಷಯದ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದಲ್ಲಿ ಗೋಡೆ ಕಟ್ಟಿ ಕೂಡಿಹಾಕುವುದು ಇದೇ ಸಂಕೇತ. 2001ರಲ್ಲಿ ಅಮೆರಿಕದಿಂದ ಬಂದ ವರದಿ ಇನ್‌ಫ್ಲಿಕ್ಸಿಮಾಬ್ ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡದ್ದನ್ನು ಪಟ್ಟಿ ಮಾಡಿತು. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯ ಮಲಗಿಕೊಂಡಿರುತ್ತದೆ. ಹಾಗಾಗಿ ಈ ಚುಚ್ಚುಮದ್ದಿಗೆ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. "ಕರುಳಿಗೆ ತೋರಿಸಾಕ ಬಂದ್ರ ಎದಿ ಫೋಟೋ ಯಾಕ" ಎಂದು ಜಗಳ ತೆಗೆಯಬಾರದು.

ಈ ರೋಗ ಪಾಶ್ಚಾತ್ಯರದು, ನಮ್ಮಲ್ಲಿ ಅಪರೂಪ ಎಂದು ಬಹುಕಾಲ ನಂಬಿದ್ದರು. ರಕ್ತಭೇದಿ ಎಂದರೆ ಅಮೀಬಾ ಎಂದೇ ಲೆಕ್ಕ. ಲುಧಿಯಾನದ ವೈದ್ಯರಾದ ಅಜಿತ್ ಸೂದ್ ಮತ್ತು ವಂದನಾ ಮಿಧಾ ತಂಡ ಪಂಜಾಬಿನಲ್ಲಿ 51,910 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿತು. 23 ರೋಗಿಗಳು ಸಿಕ್ಕರು, ಅಂದರೆ ಲಕ್ಷಕ್ಕೆ 44. ಈ ವರದಿ 2003ರದು. ನಮ್ಮ ತಾಲ್ಲೂಕಿನ ಜನಸಂಖ್ಯೆಗೆ ಅದೇ ಲೆಕ್ಕ ಹಾಕಿ ನೋಡಿದರೆ ನೂರರ ಆಸುಪಾಸು ಬರುತ್ತದೆ. ಪಂಜಾಬಿನ ಲೆಕ್ಕ ಇಲ್ಲಿಗೆ ಹಾಗೇ ಕೂರುತ್ತದೆಂದಲ್ಲ. ಆದರೆ ಮೂಲವ್ಯಾಧಿಯ ಮುಲಾಮು ಹಚ್ಚಿಕೊಂಡು ಕೂತವರಲ್ಲಿ ಚಾಲಕರೊಬ್ಬರೇ ಇಂಥವರು ಎಂದು ನಮಗೆ ಅನಿಸುವುದಿಲ್ಲ.

ಟಿಎನ್‌ಎಫ್ ಆದಮೇಲೆ ಬೇರೆ ದಾರಿಗಳು ತೆರೆದವು. ದಂಡು ರಕ್ತದಿಂದ ಕರುಳಿಗೆ ಇಳಿಯುವಾಗ ತೋರಿಸುವ ಒಂದು ಗುರುತಿನ ಚೀಟಿ ಇದೆ, ಆಲ್ಫಾ4ಬೀಟಾ7 ಎಂಬ ಪ್ರೋಟೀನು. ಅದನ್ನು ಮುಚ್ಚಿದರೆ ಕೋಶಗಳು ಕರುಳಿನ ಬಾಗಿಲಲ್ಲೇ ಉಳಿಯುತ್ತವೆ. ಇದಕ್ಕೆ ಮೂಲವಾದ ಪ್ರತಿಕಾಯವನ್ನು 1984ರಲ್ಲಿ ವಿವರಿಸಿದವರು ಕೆನಡಾದ ಆಂಡ್ರ್ಯೂ ಲಾಜರೋವಿಟ್ಸ್. ಅದರ ಫಲ ಮೊದಲು ಕಂಡದ್ದು ಒಂದು ಪುಟ್ಟ ಮಂಗನಲ್ಲಿ. ಕೊಲಂಬಿಯಾ ಕಾಡಿನ ಬಿಳಿತಲೆಯ ಟಾಮರಿನ್ ಮಂಗಗಳನ್ನು ಪಂಜರದಲ್ಲಿಟ್ಟರೆ ಅವುಗಳಿಗೆ ತಾನಾಗಿಯೇ ಕೊಲೈಟಿಸ್ ಬರುತ್ತದೆ. 1996ರಲ್ಲಿ ಅವುಗಳ ಮೇಲೆ ಪ್ರತಿಕಾಯ ಕೆಲಸ ಮಾಡಿತು. ಲಾಜರೋವಿಟ್ಸ್ 1999ರಲ್ಲಿ ತೀರಿಕೊಂಡರು. ವೆಡೋಲಿಜುಮಾಬ್ ಹೆಸರಿನಲ್ಲಿ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2014ರಲ್ಲಿ. ಒಂದು ವರ್ಷದ ಕೊನೆಗೆ ಈ ಔಷಧದವರಲ್ಲಿ ಶೇ. 42ರಿಂದ 45 ಜನ ರೋಗವಿಲ್ಲದೆ ಇದ್ದರು, ಖಾಲಿಗೆ ಬದಲಾದವರಲ್ಲಿ ಶೇ. 16. ದಂಡನ್ನು ಕರುಳಿನ ಮಟ್ಟಿಗೆ ಮಾತ್ರ ತಡೆಯುವುದರಿಂದ ಮೈಯ ಉಳಿದ ಕಾವಲು ಹೆಚ್ಚು ಕೆಡುವುದಿಲ್ಲ.

ಬೆಂಗಳೂರಿಗೂ ಈ ಕತೆಯಲ್ಲಿ ಒಂದು ಎಳೆಯಿದೆ. ಕ್ಯೂಬಾದಲ್ಲಿ ಹುಟ್ಟಿ ಬಯೋಕಾನ್ ಬೆಳೆಸಿದ ಇಟೋಲಿಜುಮಾಬ್ ಪ್ರತಿಕಾಯ 2013ರಿಂದ ನಮ್ಮ ದೇಶದಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆ ಸಿಗುತ್ತಿದೆ. ಅದನ್ನು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಮೇಲೂ ಭಾರತದಲ್ಲಿ ಪರೀಕ್ಷಿಸಿದ್ದಾರೆ.

ಇನ್ನೊಂದು ದಾರಿ ಕೋಶದ ಒಳಗೆ. ಕಿವಿ ಕೇಳಿದ ಮಾತನ್ನು ಒಳಗಿನ ಕಚೇರಿಗೆ ತಲುಪಿಸುವ ಗುಮಾಸ್ತರಂಥ ಕಿಣ್ವಗಳಿವೆ, ಜಾಕ್ ಎಂದು ಹೆಸರು. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಇವನ್ನು ಗುರುತಿಸಿದವರ ಹೆಸರು ಆಂಡ್ರ್ಯೂ ವಿಲ್ಕ್ಸ್! 1859ರ ವಿಲ್ಕ್ಸ್‌ಗೂ ಇವರಿಗೂ ಇರುವ ಸಂಬಂಧ ಅಡ್ಡಹೆಸರಿನದಷ್ಟೇ, ಆದರೂ ಬರೆಯದೆ ಇರಲಾಗಲಿಲ್ಲ. ಮೊದಲು ತಮಾಷೆಗೆ "ಇನ್ನೊಂದು ಕೈನೇಸ್ ಅಷ್ಟೆ" ಎಂಬರ್ಥದ ಮೊದಲಕ್ಷರಗಳಿಂದ ಜಾಕ್ ಎಂದು ಕರೆದರು. ಆಮೇಲೆ ಎರಡು ಮುಖದ ರೋಮನ್ ದೇವರು ಜೇನಸ್‌ನ ಹೆಸರನ್ನು ಅದಕ್ಕೆ ಕೂಡಿಸಿದರು. ಈ ಗುಮಾಸ್ತರನ್ನು ತಡೆಯುವ ಗುಳಿಗೆ ಟೋಫಾಸಿಟಿನಿಬ್, ಅಮೆರಿಕದಲ್ಲಿ 2018ರಲ್ಲಿ ಈ ರೋಗಕ್ಕೆ ಅನುಮತಿ ಪಡೆಯಿತು. ಚುಚ್ಚುಮದ್ದಲ್ಲ, ಬಾಯಲ್ಲಿ ನುಂಗುವಂಥದ್ದು. ಆದರೆ ಕೀಲುವಾತದ ವಯಸ್ಸಾದ ರೋಗಿಗಳಲ್ಲಿ ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಹೆಚ್ಚಿದ್ದು ಕಂಡು 2021ರಲ್ಲಿ ಕಟ್ಟೆಚ್ಚರಿಕೆ ಹಾಕಿದರು.

ಇಲ್ಲಿಯೇ ಮಾಯುವುದಕ್ಕೂ ತಣಿಸುವುದಕ್ಕೂ ಇರುವ ಬಿಕ್ಕಟ್ಟು ಚೆನ್ನಾಗಿ ಕಾಣುತ್ತದೆ. ಐಎಲ್-22 ಎಂಬ ಸಂಕೇತ ಒಳಪದರದ ಕೋಶಗಳಿಗೆ "ಹೆಚ್ಚಿ, ಗಾಯ ಮುಚ್ಚಿ" ಎಂದು ಹೇಳುತ್ತದೆ. 2009ರಲ್ಲಿ ಇಲಿಗಳಲ್ಲಿ ಇದು ದೃಢವಾಯಿತು. ಆ ಮಾತೂ ತಲುಪುವುದು ಇದೇ ಜಾಕ್ ಗುಮಾಸ್ತರ ಮೂಲಕವೇ. ಅಂದರೆ ಸುಡುವ ಸಂಕೇತವನ್ನು ತಡೆಯುವ ಕೈಯೇ ಕಟ್ಟುವ ಸಂಕೇತವನ್ನೂ ತಡೆಯಬಹುದು. ಗುಳಿಗೆ ಕೆಲಸ ಮಾಡುತ್ತಿದೆ ಎಂದರೆ ತಕ್ಕಡಿ ಒಳಿತಿನ ಕಡೆ ವಾಲಿದೆ ಎಂದರ್ಥ, ಆದರೆ ಬೆಲೆ ಇಲ್ಲದೆ ಅಲ್ಲ. ಹಳೆಯ ಮೆಸಲಮಿನ್ ಕೂಡ ಸುಮ್ಮನೆ ಉರಿ ತಣಿಸುವ ಪುಡಿಯಲ್ಲ. ಅದು ಒಳಪದರದ ಕೋಶದಲ್ಲಿರುವ ಪಿಪಿಎಆರ್-ಗಾಮಾ ಎಂಬ ಸ್ವಿಚ್ಚನ್ನು ಒತ್ತುತ್ತದೆ ಎಂದು ಫ್ರಾನ್ಸಿನ ಲೀಲ್ ನಗರದ ತಂಡ 2005ರಲ್ಲಿ ತೋರಿಸಿತು. ನಾನ್ನಾ ಸ್ವಾರ್ಟ್ಸ್ ವರದಿಯಾಗಿ ಅರವತ್ತಮೂರು ವರ್ಷಗಳ ಮೇಲೆ.

ಔಷಧ ಯಾರಿಗೆ ಹತ್ತುವುದಿಲ್ಲ ಎಂಬ ಪ್ರಶ್ನೆಯೂ ಇದೆ. ಬೆಲ್ಜಿಯಂನ ಲೂವೆನ್‌ನಲ್ಲಿ 2009ರಲ್ಲಿ ಇನ್‌ಫ್ಲಿಕ್ಸಿಮಾಬ್ ಕೊಡುವ ಮೊದಲೇ ತೆಗೆದ ಚೂರುಗಳಲ್ಲಿ ಜೀನುಗಳನ್ನು ಅಳೆದರು. ಐದು ಜೀನುಗಳು ಹೆಚ್ಚಿದ್ದವರಿಗೆ ಔಷಧ ಹತ್ತುವ ಸಂಭವ ಕಡಿಮೆ. ಅವುಗಳಲ್ಲಿ ಎರಡು ಐಎಲ್-11 ಮತ್ತು ಐಎಲ್-13ಆರ್‌ಎ2. ಹತ್ತು ವರ್ಷದ ಮೇಲೆ, 2019ರಲ್ಲಿ, ಅಮೆರಿಕದ ತಂಡವೊಂದು ರೋಗಿಗಳ ಮತ್ತು ಆರೋಗ್ಯವಂತರ ಕರುಳಿನ 3,66,650 ಕೋಶಗಳನ್ನು ಒಂದೊಂದಾಗಿ ಓದಿತು. ಅದೇ ಎರಡು ಜೀನುಗಳು ಸಿಕ್ಕಿದ್ದು ರೋಗನಿರೋಧಕ ದಂಡಿನಲ್ಲಲ್ಲ, ಕರುಳಿಗೆ ಆಧಾರ ಕೊಡುವ ನಾರುಕೋಶಗಳಲ್ಲಿ. ಗಾಯ ಕಟ್ಟಬೇಕಾದ ಗಾರೆ ಕೆಲಸದವರೇ ಗಲಾಟೆಗೆ ಸೇರಿಕೊಂಡಿದ್ದರು.

ಇನ್ನೊಂದು ಅಧ್ಯಯನ ನಮ್ಮನ್ನು ಹೆಚ್ಚು ಕಾಡಿತು. ಬಾರ್ಸಿಲೋನಾದ ತಂಡ 2013ರಲ್ಲಿ, ದುರ್ಬೀನಿಗೂ ಸೂಕ್ಷ್ಮದರ್ಶಕಕ್ಕೂ ವಾಸಿಯಾದಂತೆ ಕಂಡ ಕರುಳಿನ ಚೂರುಗಳ ಜೀನುಗಳನ್ನು ನೋಡಿತು. ಉರಿಯೂತದ ಸಂಕೇತಗಳು ಇಳಿದಿದ್ದವು. ಆದರೆ ಒಳಪದರದ ಕೋಶಗಳು ರೋಗ ಬರುವ ಮುಂಚಿನ ಹಾಗೆ ಆಗಿರಲಿಲ್ಲ, ಬದಲಾವಣೆ ಉಳಿದೇ ಇತ್ತು. ಇನ್ನು 1991ರ ಒಂದು ಇಂಗ್ಲಿಷ್ ಅಧ್ಯಯನದಲ್ಲಿ ಯಾವ ತೊಂದರೆಯೂ ಇಲ್ಲದ 82 ರೋಗಿಗಳ ಚೂರು ತೆಗೆದು ಒಂದು ವರ್ಷ ಕಾದಿದ್ದರು. ಕ್ರಿಪ್ಟ್ ಬಾವಿಗಳಲ್ಲಿ ಕೀವು ಕಂಡವರಲ್ಲಿ ಶೇ. 78 ಜನರಿಗೆ ರೋಗ ಮರಳಿತ್ತು, ಕಾಣದವರಲ್ಲಿ ಶೇ. 27. ಎಲ್ಲರೂ ಚೂರು ತೆಗೆಸಿಕೊಂಡ ದಿನ ಆರಾಮಾಗಿಯೇ ಇದ್ದವರು.

ಇದನ್ನೆಲ್ಲ ಚಾಲಕರ ಮನೆಯ ಕಟ್ಟೆಯ ಮೇಲೆ ಕೂತು, ಬಾವಿ, ಚಪ್ಪರ, ಗುಮಾಸ್ತ ಎಂದೆಲ್ಲ ಹೇಳಿದೆವು. ಪೂರಾ ಕೇಳಿಸಿಕೊಂಡು, "ಹಂಗಾದ್ರ ಒಳಗ ಮಾಯ್ತೋ ಇಲ್ಲೋ ಅಂತ ಹೊರಗಿಂದ ಹೆಂಗ ತಿಳೀತದ? ಪ್ರತಿ ಸಲ ದುರ್ಬೀನ ಹಾಕ್ಸಾಕ ರೊಕ್ಕ ಎಲ್ಲಿಂದ ತರೋದು?" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೂ ಒಂದು ಉತ್ತರ ನಾರ್ವೆಯಲ್ಲಿದೆ. ಮ್ಯಾಗ್ನೆ ಫಾಗರ್‌ಹೋಲ್ 1980ರಲ್ಲಿ ಬಿಳಿ ರಕ್ತಕಣಗಳಿಂದ ಒಂದು ಪ್ರೋಟೀನು ಬೇರ್ಪಡಿಸಿದರು, ಈಗ ಕ್ಯಾಲ್‌ಪ್ರೊಟೆಕ್ಟಿನ್ ಎನ್ನುತ್ತಾರೆ. ಕರುಳಿನ ಪದರಕ್ಕೆ ಆ ಕಣಗಳು ನುಗ್ಗಿದರೆ ಅದು ಮಲದಲ್ಲಿ ಏರುತ್ತದೆ, ದಿನಗಟ್ಟಲೆ ಕೆಡುವುದಿಲ್ಲ, ಡಬ್ಬಿಯಲ್ಲಿ ದೂರದ ಲ್ಯಾಬಿಗೆ ಕಳಿಸಬಹುದು. 1992ರಿಂದ ಮಲದಲ್ಲಿ ಅದನ್ನು ಅಳೆಯುವ ವಿಧಾನವಿದೆ. ಗ್ರಾಂ ಮಲಕ್ಕೆ 150ರಿಂದ 250 ಮೈಕ್ರೋಗ್ರಾಂ ಒಳಗೆ ಇಳಿದರೆ ವೈದ್ಯರಿಗೆ ಸಮಾಧಾನ.

ನಮ್ಮ ಜಿಲ್ಲಾ ಕೇಂದ್ರದ ಲ್ಯಾಬಿನವರು ಡಬ್ಬಿ ಇಸಿದುಕೊಂಡು ಬೆಂಗಳೂರಿಗೆ ಕಳಿಸುತ್ತಾರೆ. ಚಾಲಕರು ಆ ಚೀಟಿಗಳನ್ನು ಟೆಂಪೋದಲ್ಲಿ ಸ್ಟೇರಿಂಗ್ ಮುಂದಿನ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಕಳೆದ ತಿಂಗಳಿನದರಲ್ಲಿ 412 ಇತ್ತು. ರಕ್ತವಿಲ್ಲ, ನೋವಿಲ್ಲ, ಸಂತೆಗೆ ಹೋಗಿ ಬರುತ್ತಿದ್ದಾರೆ. ಗುಳಿಗೆ ನಡೆದಿದೆ.